ಕರೀ ಕೋಟು ಮತ್ತು ಕಟಕಟೆ

ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಭಾನುವಾರ ನಮ್ಮ ಅಧ್ಯಯನ ಶಿಬಿರದಲ್ಲಿ ಎಲ್‌ಎಲ್‌ಬಿ ಓದ್ತಿರೋ ಹುಡುಗಿಯೊಬ್ಬಳು ಕಾನೂನು ಕ್ಷೇತ್ರದಲ್ಲಿ ಮಹಿಳೆಯರ ಬಗ್ಗೆ ಪ್ರಬಂಧ ಓದಿದಳು. ಚೆನ್ನಾಗೇ ಬರೆದಿದ್ದಳು. ಕಾರ್ನೀಲಿಯಾ ಸೊರಾಬ್ಜಿ, ಅನ್ನಾ ಚಾಂಡಿ, ಫಾತಿಮಾ ಬೀವಿ ಎಲ್ಲರೂ ಬಂದುಹೋದರು. ಚಪ್ಪಾಳೆ ಆಯ್ತು. ಆಮೇಲೆ ಹಿಂದೆ ಗೋಡೆಗೆ ಒರಗಿಕೊಂಡು ಕೂತಿದ್ದ ಒಬ್ಬ ದೊಡ್ಡಮ್ಮ ಕೇಳಿದರು: "ಅಲ್ಲ ಕಣವ್ವ, ನೀನು ಹೇಳಿದ್ದೆಲ್ಲ ಕೋರ್ಟಿಗೆ ಕರೀ ಕೋಟು ಹಾಕ್ಕೊಂಡು ಹೋದೋರ ಕತೆ. ನಮ್ಮಂಗೆ ಕೇಸು ಹಾಕ್ಕೊಂಡು ಹೋದೋರದ್ದು ಯಾರೂ ಬರೆದಿಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದೊಡ್ಡಮ್ಮ ನಗಲಿಲ್ಲ. ಅವರ ಅಟ್ರಾಸಿಟಿ ಕೇಸು ಹನ್ನೊಂದು ವರ್ಷ ನಡೆದು ಸಾಕ್ಷಿ ಸಾಲದು ಅಂತ ಬಿದ್ದುಹೋಗಿದೆ. ಆವತ್ತಿಂದ ಅವರ ಪ್ರಶ್ನೆ ನನ್ನ ತಲೇಲಿ ಕೊರೀತಿದೆ. ಅದಕ್ಕೇ ಇದನ್ನ ಬರೀತಿದೀನಿ. ನಾನು ಇತಿಹಾಸದ ಮೇಷ್ಟ್ರಲ್ಲ, ಬಿಎ ಓದಿಕೊಂಡು ಫೈಲು ನೋಡೋ ಗುಮಾಸ್ತೆ. ಓದಿ ಗೊತ್ತಾಗಿದ್ದನ್ನ ಮಾತ್ರ ಹೇಳ್ತೀನಿ.

ಮೊದಲು ಕೋಟಿನ ಕತೆ ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲೂ ಒಂದು ಪಾಠ ಇದೆ. 1916ರಲ್ಲಿ ರೆಜಿನಾ ಗುಹಾ ಅನ್ನೋರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದು, ಅಲೀಪುರದ ಜಿಲ್ಲಾ ಕೋರ್ಟಿನಲ್ಲಿ ವಕೀಲಿಕೆ ಮಾಡೋಕೆ ಸನ್ನದು ಕೊಡಿ ಅಂತ ಅರ್ಜಿ ಹಾಕಿದರು. ಓದು ಇತ್ತು, ಪದವಿ ಇತ್ತು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಆಕ್ಟ್‌ನಲ್ಲಿ ಹೆಂಗಸರು ವಕೀಲರಾಗಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಕಾನೂನಿನಲ್ಲಿ 'ಅವನು' ಅಂತ ಬರೆದಿದ್ದರೆ 'ಅವಳು' ಅಂತಲೂ ಓದಿಕೊಳ್ಳಬೇಕು ಅನ್ನೋ ಜನರಲ್ ಕ್ಲಾಸಸ್ ಆಕ್ಟ್ ಕೂಡ ಇತ್ತು. ಆದರೂ ಕಲ್ಕತ್ತಾ ಹೈಕೋರ್ಟಿನ ಐದು ಜನ ಜಡ್ಜುಗಳು ಕೂತು ಅರ್ಜಿ ತಿರಸ್ಕರಿಸಿದರು. ಇದುವರೆಗೆ ಯಾವ ಹೆಂಗಸೂ ವಕೀಲಳಾಗಿಲ್ಲ, ಹಾಗಾಗಿ ಕಾನೂನು ಮಾಡಿದವರ ಮನಸ್ಸಲ್ಲಿ ಹೆಂಗಸು ಇರಲಿಲ್ಲ ಅನ್ನೋದು ಅವರ ತರ್ಕದ ತಿರುಳು. ಇಲ್ಲಿವರೆಗೆ ಬಿಟ್ಟಿಲ್ಲ, ಅದಕ್ಕೇ ಇನ್ನು ಮುಂದೂ ಬಿಡಲ್ಲ. ಈ ತರ್ಕ ಎಲ್ಲೋ ಕೇಳಿದ ಹಾಗಿದೆಯಲ್ಲ? ದೇವಸ್ಥಾನದ ಬಾಗಿಲಲ್ಲಿ, ಹೋಟೆಲ್ ಲೋಟದ ಮುಂದೆ, ಊರ ಬಾವಿ ಕಟ್ಟೆ ಮೇಲೆ ನಮ್ಮ ತಾತ ಮುತ್ತಾತಂದಿರು ಕೇಳಿದ್ದು ಇದೇ ಮಾತು. ಒಂದೇ ವ್ಯತ್ಯಾಸ, ಇಲ್ಲಿ ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು.

1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಇದೇ ಗತಿ ಆಯ್ತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಮಾತ್ರ ಕಾರ್ನೀಲಿಯಾ ಸೊರಾಬ್ಜಿ ಅವರನ್ನ ಸೇರಿಸಿಕೊಂಡಿತು. ಕೊನೆಗೆ 1923ರಲ್ಲಿ ಲೀಗಲ್ ಪ್ರಾಕ್ಟೀಷನರ್ಸ್ (ವಿಮೆನ್) ಆಕ್ಟ್ ಬಂತು. ಹೆಂಗಸು ಅನ್ನೋ ಒಂದೇ ಕಾರಣಕ್ಕೆ ಸನ್ನದು ನಿರಾಕರಿಸೋ ಹಾಗಿಲ್ಲ ಅಂತ ಆಯ್ತು. ರೆಜಿನಾ ಗುಹಾ ಅಷ್ಟರಲ್ಲಿ ಬದುಕಿರಲಿಲ್ಲ.

ಸೊರಾಬ್ಜಿ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದ ಹೆಣ್ಣುಮಗಳು. ವಿಶ್ವವಿದ್ಯಾಲಯ ಅವರಿಗೆ ಪದವಿ ಕೊಟ್ಟಿದ್ದು ಮೂವತ್ತು ವರ್ಷ ಆದಮೇಲೆ. 1904ರಿಂದ ಬಂಗಾಳದ ಕಡೆ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಕೆಲಸ. ಪರದೆಯ ಒಳಗೆ ಕೂತ ಜಮೀನ್ದಾರರ ಮನೆ ವಿಧವೆಯರ ಆಸ್ತಿಯನ್ನ ಗಂಡಸರು ನುಂಗದ ಹಾಗೆ ಕಾಯೋ ಕೆಲಸ. ದೊಡ್ಡ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ನಮ್ಮ ಹೆಂಗಸರಿಗೆ ಪರದೆಯೂ ಇರಲಿಲ್ಲ, ಆಸ್ತಿಯೂ ಇರಲಿಲ್ಲ. ಅವರು ಸೊರಾಬ್ಜಿಯವರ ಫೈಲಿನೊಳಗೆ ಬರೋಕೆ ದಾರಿಯೇ ಇರಲಿಲ್ಲ. ಇದು ಆಯಮ್ಮನ ತಪ್ಪು ಅಂತಲ್ಲ. ಇತಿಹಾಸ ಓದುವಾಗ ಇದನ್ನ ಬೆರಳಿಟ್ಟು ನೋಡಿಕೊಳ್ಳಬೇಕು ಅಷ್ಟೇ.

ಅನ್ನಾ ಚಾಂಡಿ 1937ರಲ್ಲಿ ತಿರುವಾಂಕೂರಿನಲ್ಲಿ ಮುನ್ಸೀಫರಾದರು, 1959ರಲ್ಲಿ ಕೇರಳ ಹೈಕೋರ್ಟ್ ನ್ಯಾಯಮೂರ್ತಿ. ಸುಪ್ರೀಂ ಕೋರ್ಟಿಗೆ ಮೊದಲ ಮಹಿಳೆ ಫಾತಿಮಾ ಬೀವಿ ಬಂದಿದ್ದು 1989ರಲ್ಲಿ. 1950ರಲ್ಲಿ ಶುರುವಾದ ಕೋರ್ಟು ಒಬ್ಬ ಹೆಂಗಸನ್ನ ಕೂರಿಸೋಕೆ ಮೂವತ್ತೊಂಬತ್ತು ವರ್ಷ ತಗೊಂಡಿತು. 2021ರಲ್ಲಿ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರೂ ಸೇರಿ ಮೂವರು ಒಟ್ಟಿಗೆ ಪ್ರಮಾಣ ವಚನ ತಗೊಂಡಾಗ ಲೆಕ್ಕ ಹನ್ನೊಂದಕ್ಕೆ ಮುಟ್ಟಿತು. ಆ ಹನ್ನೊಂದರಲ್ಲಿ ದಲಿತ ಹೆಣ್ಣುಮಗಳು ಒಬ್ಬಳೂ ಇಲ್ಲ. ಸಂವಿಧಾನ ಸಭೆಯಲ್ಲಿ ಹದಿನೈದು ಜನ ಮಹಿಳೆಯರಿದ್ದರು, ಅವರಲ್ಲಿ ನಮ್ಮವರು ಒಬ್ಬರಿದ್ದರು, ಕೊಚ್ಚಿ ಕಡೆಯ ದಾಕ್ಷಾಯಿಣಿ ವೇಲಾಯುಧನ್. 1946ರಲ್ಲಿ ಸಂವಿಧಾನ ಬರೆಯೋ ಮನೆಗೆ ಹೋಗಲು ಸಾಧ್ಯವಾದದ್ದು, ಅದೇ ಸಂವಿಧಾನವನ್ನ ಓದಿ ಹೇಳೋ ಪೀಠಕ್ಕೆ ಹೋಗಲು 2021ಕ್ಕೂ ಸಾಧ್ಯವಾಗಿರಲಿಲ್ಲ. ಮೆರಿಟ್ ಅನ್ನೋರು ಕಾಮೆಂಟಿಗೆ ಬರಬೇಡಿ, ಇವತ್ತು ಪುರುಸೊತ್ತಿಲ್ಲ.

ಈಗ ದೊಡ್ಡಮ್ಮ ಕೇಳಿದ ಕತೆ.

ಅದು ಕೋರ್ಟಿನಿಂದ ಶುರುವಾಗಲ್ಲ, ಶಾಲೆಯಿಂದ ಶುರುವಾಗುತ್ತೆ. 1855ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿಯವರ ಶಾಲೆಯಲ್ಲಿ ಓದ್ತಿದ್ದ ಮುಕ್ತಾಬಾಯಿ ಅನ್ನೋ ಮಾಂಗ್ ಜಾತಿಯ ಹುಡುಗಿ, ಹದಿನಾಲ್ಕು ವರ್ಷದವಳು, ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯ್ತು. ಪೇಶ್ವೆಗಳ ಕಾಲದಲ್ಲಿ ತಾಲೀಮುಖಾನೆ ಮುಂದೆ ಹಾದುಹೋದ ತಪ್ಪಿಗೆ ನಮ್ಮವರ ತಲೆ ಹೋಗುತ್ತಿದ್ದದ್ದನ್ನ ಅವಳು ಬರೆದಿದ್ದಾಳೆ. ನಮ್ಮ ಹೆಂಗಸರು ಹೆರೋವಾಗ ತಲೆ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಒದ್ದಾಡೋದನ್ನ ಬರೆದಿದ್ದಾಳೆ. ನೋವು ತೋಡಿಕೊಳ್ಳೋ ಬರಹ ಅಂತ ಅದನ್ನ ಹೊಗಳಿ ಬಿಟ್ಟುಬಿಡ್ತಾರೆ. ನನಗೆ ಅದು ಆರೋಪಪಟ್ಟಿ ಥರ ಕಾಣುತ್ತೆ. ಯಾರು, ಯಾವಾಗ, ಏನು ಮಾಡಿದರು, ಯಾವ ಧರ್ಮದ ಹೆಸರಲ್ಲಿ ಮಾಡಿದರು, ಎಲ್ಲಾ ಇದೆ. ಕಾನೂನು ಓದೋಕೆ ಹೆಣ್ಣಿಗೆ ಅವಕಾಶವೇ ಇಲ್ಲದ ಕಾಲದಲ್ಲಿ ಒಬ್ಬ ಅಸ್ಪೃಶ್ಯ ಹುಡುಗಿ ಇಡೀ ವ್ಯವಸ್ಥೆ ಮೇಲೆ ಕೇಸು ಜಡಿದಿದ್ದಳು. ಅದನ್ನ ದಾಖಲು ಮಾಡಿಕೊಳ್ಳೋ ಠಾಣೆ ಇರಲಿಲ್ಲ.

ಮೂವತ್ತು ವರ್ಷ ಆದಮೇಲೆ ಬೊಂಬಾಯಿಯಲ್ಲಿ ರುಖ್ಮಾಬಾಯಿ. ಬಡಗಿ ಜಾತಿಯವಳು, ಹನ್ನೊಂದು ವರ್ಷಕ್ಕೆ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಗಂಡ ದಾದಾಜಿ, 'ನನ್ನ ಹೆಂಡತಿ ನನ್ನ ಮನೆಗೆ ಬರಲಿ' ಅಂತ ಕೋರ್ಟಿಗೆ ಹೋದ. ಇವಳು ಒಲ್ಲೆ ಅಂದಳು. ತಿಳಿವಳಿಕೆ ಇಲ್ಲದ ವಯಸ್ಸಲ್ಲಿ ಆದ ಮದುವೆಗೆ ನಾನು ಬಾಧ್ಯಳಲ್ಲ ಅನ್ನೋದು ಅವಳ ವಾದ. 1885ರಲ್ಲಿ ಜಡ್ಜ್ ಪಿನ್ಹೆ ಅವಳ ಪರವಾಗಿ ಹೇಳಿದರು. ಮೇಲ್ಮನವಿ ಆಗಿ ಕೇಸು ತಿರುಗಿತು. 1887ರಲ್ಲಿ ಜಡ್ಜ್ ಫ್ಯಾರನ್ 'ಗಂಡನ ಮನೆಗೆ ಹೋಗು, ಇಲ್ಲಾ ಆರು ತಿಂಗಳು ಜೈಲು' ಅಂದರು. ಜೈಲಿಗೇ ಹೋಗ್ತೀನಿ ಅಂದಳು ಮಹಾತಾಯಿ. ದೇಶದ ಗಂಡಸರೆಲ್ಲ ಧರ್ಮ ಮುಳುಗಿತು ಅಂತ ಬಾಯಿ ಬಡ್ಕೊಂಡರು. 1888ರಲ್ಲಿ ಗಂಡ ಎರಡು ಸಾವಿರ ರೂಪಾಯಿ ತಗೊಂಡು ಕೇಸು ಕೈಬಿಟ್ಟ. ಅವಳು ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ವಾಪಸ್ ಬಂದಳು. ಈ ಗಲಾಟೆಯ ಬೆನ್ನಿಗೇ 1891ರಲ್ಲಿ ಸಮ್ಮತಿ ವಯಸ್ಸನ್ನ ಹತ್ತರಿಂದ ಹನ್ನೆರಡಕ್ಕೆ ಏರಿಸೋ ಕಾಯ್ದೆ ಬಂತು. ಅದಕ್ಕೂ ತಿಲಕರು ವಿರೋಧ.

ಗಮನಿಸಿ, ಕೋರ್ಟಿನಲ್ಲಿ ಅವಳು ಸೋತಿದ್ದಳು. ಆದರೂ ಕಾನೂನು ಅಲ್ಲಾಡಿತು. ಇದೇ ಕತೆ ಮುಂದೆ ಮತ್ತೆ ಮತ್ತೆ ಬರುತ್ತೆ.

ಮಧ್ಯದಲ್ಲಿ ನಮ್ಮ ಮೈಸೂರಿನ ಒಂದು ವಿಷಯ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿತ್ತು, ಮನೆ ಭಾಗವಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳಿಗೆ ಪಾಲು ಅಂತ. ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ಇದ್ದೆವು ಅಂತ ಹೆಮ್ಮೆಯಿಂದ ಹೇಳ್ತಾರೆ, ಹೇಳಲಿ. ಪಾಲು ಮಾಡೋಕೆ ಮೊದಲು ಜಮೀನಿರಬೇಕಲ್ಲ ಸ್ವಾಮಿ? ನಮ್ಮ ಕೇರಿಗಳಲ್ಲಿ ಭಾಗವಾಗಿದ್ದು ಸಾಲ ಮತ್ತು ಜೀತ. ಆದರೂ ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿಗಾಗಿ ಆ ಪಾಟಿ ಬಡಿದಾಡಿ, 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಆ ಬಿಲ್ಲಿನಿಂದ ತಕ್ಷಣ ಲಾಭ ಆಗ್ತಿದ್ದದ್ದು ಹೆಚ್ಚಾಗಿ ಆಸ್ತಿ ಇದ್ದ ಸವರ್ಣ ಹೆಂಗಸರಿಗೆ. ಇದನ್ನ ತಿಳಿದೇ ಮಾಡಿದರು. ಅವರ ಫೋಟೋ ಇಲ್ಲದ ಮಹಿಳಾ ದಿನಾಚರಣೆ ನೋಡಿದಾಗ ನನಗೆ ಹೊಟ್ಟೆ ಉರಿಯೋದು ಇದಕ್ಕೇ.

1972ರ ಮಾರ್ಚ್ 26. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆ, ದೇಸಾಯಿಗಂಜ್ ಪೊಲೀಸ್ ಠಾಣೆ. ಮಥುರಾ ಅನ್ನೋ ಆದಿವಾಸಿ ಹುಡುಗಿ, ಹದಿನಾಲ್ಕೋ ಹದಿನಾರೋ ವಯಸ್ಸು, ಅಪ್ಪ ಅಮ್ಮ ಇಲ್ಲ, ಮನೆಗೆಲಸ ಮಾಡ್ಕೊಂಡಿದ್ದಳು. ಒಬ್ಬ ಹುಡುಗನನ್ನ ಇಷ್ಟಪಟ್ಟಿದ್ದಳು. ಅಣ್ಣ ಅಪಹರಣ ಅಂತ ದೂರು ಕೊಟ್ಟ. ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಿ, ಹೇಳಿಕೆ ಬರೆದುಕೊಂಡು, ಉಳಿದವರನ್ನ ಹೊರಗೆ ಕಳಿಸಿ, ಅವಳನ್ನ ಒಳಗೇ ಉಳಿಸಿಕೊಂಡರು. ಕಾನ್‌ಸ್ಟೇಬಲ್ ಗಣಪತ್ ಅತ್ಯಾಚಾರ ಮಾಡಿದ, ಕುಡಿದಿದ್ದ ಹೆಡ್ ಕಾನ್‌ಸ್ಟೇಬಲ್ ತುಕಾರಾಂ ಮೈಮೇಲೆ ಕೈಹಾಕಿದ. ಇದು ಅವಳ ಹೇಳಿಕೆ.

1974ರಲ್ಲಿ ಸೆಷನ್ಸ್ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಅವಳು ಸುಳ್ಳಿ, ಮೊದಲೇ ರೂಢಿ ಇದ್ದವಳು ಅಂತ ಅವಳ ಮೇಲೇ ತೀರ್ಪು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನ ತಿರುಗಿಸಿ ಗಣಪತ್‌ಗೆ ಐದು ವರ್ಷ, ತುಕಾರಾಂಗೆ ಒಂದು ವರ್ಷ ಶಿಕ್ಷೆ ಕೊಟ್ಟಿತು. ಹೆದರಿ ಸುಮ್ಮನಿರೋದು ಬೇರೆ, ಒಪ್ಪೋದು ಬೇರೆ ಅಂತ ಬಿಡಿಸಿ ಹೇಳಿತು. 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಇಬ್ಬರನ್ನೂ ಬಿಟ್ಟಿತು. ಮೈಮೇಲೆ ಗಾಯ ಇಲ್ಲ, ಕೂಗಾಡಿಲ್ಲ, ಹಾಗಾಗಿ ಒಪ್ಪಿಗೆ ಇರಬೇಕು ಅನ್ನೋ ಲೆಕ್ಕಾಚಾರ. ನಡುರಾತ್ರಿ, ಪೊಲೀಸ್ ಠಾಣೆ, ಬಾಗಿಲು ಹಾಕಿದೆ, ಎದುರಿಗೆ ಯೂನಿಫಾರ್ಮು, ಈ ಕಡೆ ಮನೆಗೆಲಸದ ಆದಿವಾಸಿ ಹುಡುಗಿ. ಅವಳು ಯಾರನ್ನ ಕೂಗಬೇಕಿತ್ತು? ಪೊಲೀಸರನ್ನಾ?

ಇಲ್ಲಿ ಕರೀ ಕೋಟಿನ ಕತೆ ಮತ್ತು ಕಟಕಟೆಯ ಕತೆ ಮೊದಲ ಸಲ ಕೂಡಿಕೊಳ್ಳುತ್ತೆ. ಒಂದು ವರ್ಷ ಆದಮೇಲೆ, 1979ರ ಸೆಪ್ಟೆಂಬರಿನಲ್ಲಿ, ನಾಲ್ಕು ಜನ ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಲೋತಿಕಾ ಸರ್ಕಾರ್ ಅವರು ಕೇಂಬ್ರಿಡ್ಜಿನಲ್ಲಿ ಕಾನೂನು ಓದಿ ಬಂದವರು, 1974ರ 'ಟುವರ್ಡ್ಸ್ ಈಕ್ವಾಲಿಟಿ' ವರದಿ ಬರೆದ ಸಮಿತಿಯ ಸದಸ್ಯೆ. ಸುಪ್ರೀಂ ಕೋರ್ಟಿನ ತೀರ್ಪನ್ನ ಹೀಗೆ ಬೀದಿಗೆ ತಂದು ಪ್ರಶ್ನೆ ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪತ್ರ ಕೈಯಿಂದ ಕೈಗೆ ಹೋಯ್ತು. 1980ರಲ್ಲಿ ಬೊಂಬಾಯಿಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು, ಮಾರ್ಚ್ 8ಕ್ಕೆ ಬೇರೆ ಬೇರೆ ಊರುಗಳಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿ ಆಯ್ತು. ಪೊಲೀಸ್ ವಶದಲ್ಲಿ, ಜೈಲಲ್ಲಿ, ಆಸ್ಪತ್ರೆಯಲ್ಲಿ ನಡೆಯೋ ಅತ್ಯಾಚಾರ ಬೇರೆಯೇ ಅಪರಾಧ ಆಯ್ತು. ಅಂಥ ಕಡೆ ಹೆಂಗಸು 'ನಾನು ಒಪ್ಪಿರಲಿಲ್ಲ' ಅಂದರೆ ಕೋರ್ಟು ಮೊದಲು ಅವಳನ್ನ ನಂಬಬೇಕು ಅನ್ನೋ 114ಎ ಕಲಂ ಸಾಕ್ಷ್ಯ ಕಾಯ್ದೆಗೆ ಬಂತು.

ಮಥುರಾಗೆ ಏನು ಸಿಕ್ತು? ಏನೂ ಇಲ್ಲ. ಮರುಪರಿಶೀಲನೆ ಅರ್ಜಿಯೂ ಬಿದ್ದುಹೋಯ್ತು. ಅವಳ ಹೆಸರಲ್ಲಿ ಕಾನೂನು ಬದಲಾಯ್ತು, ಅವಳ ಕೇಸು ಬದಲಾಗಲಿಲ್ಲ.

ಭಂವರಿ ದೇವಿ ವಿಷಯದಲ್ಲಿ ಮೊದಲು ಒಂದು ತಿದ್ದುಪಡಿ. ನಮ್ಮ ಭಾಷಣಗಳಲ್ಲಿ ಆಯಮ್ಮನನ್ನ ದಲಿತ ಮಹಿಳೆ ಅಂತ ಹೇಳೋ ಅಭ್ಯಾಸ ಇದೆ, ನಾನೂ ಹೇಳಿದೀನಿ. ಅವರು ಕುಂಬಾರರು. ಊರಲ್ಲಿ ಕೆಳಗಿನ ಜಾತಿ, ಆದರೆ ಪರಿಶಿಷ್ಟ ಜಾತಿ ಅಲ್ಲ. ನಮ್ಮ ಹೋರಾಟಕ್ಕೆ ಅವರು ಬೇಕು ಅಂತ ಅವರ ಜಾತಿ ಬದಲಾಯಿಸೋದು ಬೇಡ.

ರಾಜಸ್ಥಾನದ ಭಟೇರಿ ಗ್ರಾಮ, ಜೈಪುರದ ಹತ್ತಿರ. 1985ರಿಂದ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಕೆಲಸ. 1992ರ ಮೇ ತಿಂಗಳಲ್ಲಿ ಗುಜ್ಜರ್ ಕುಟುಂಬವೊಂದರ ಒಂಬತ್ತು ತಿಂಗಳ ಕೂಸಿನ ಮದುವೆ ತಡೆಯೋಕೆ ಹೋದರು. ಪೊಲೀಸರು ಬಂದರು, ಸಿಹಿ ತಿಂದು ಹೋದರು ಅಂತಾರೆ, ಮದುವೆ ಮಾರನೇ ದಿನ ಆಯ್ತು. ಭಂವರಿಗೆ ಮಾತ್ರ ಬಹಿಷ್ಕಾರ. ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನನ್ನ ಹೊಡೆದು ಹಿಡಿದಿಟ್ಟುಕೊಂಡು ಸಾಮೂಹಿಕ ಅತ್ಯಾಚಾರ. ವೈದ್ಯಕೀಯ ಪರೀಕ್ಷೆ ಆಗೋಕೆ ಎರಡು ದಿನದ ಮೇಲೆ ಹಿಡಿಯಿತು. ಸಾಕ್ಷ್ಯಕ್ಕೆ ಬೇಕು ಅಂತ ಠಾಣೆಯಲ್ಲಿ ಉಟ್ಟ ಲಂಗ ಬಿಚ್ಚಿಸಿಕೊಂಡರು. ಗಂಡನ ರಕ್ತ ಮೆತ್ತಿದ ರುಮಾಲು ಸುತ್ತಿಕೊಂಡು ರಾತ್ರಿ ಹೊತ್ತು ನಡೆದು ಹೋದರು.

1993ರಲ್ಲಿ ಆರೋಪಿಗಳಿಗೆ ಜಾಮೀನು ನಿರಾಕರಿಸುವಾಗ ರಾಜಸ್ಥಾನ ಹೈಕೋರ್ಟಿನ ಜಡ್ಜೇ ಇದು ಬಾಲ್ಯವಿವಾಹ ತಡೆದ ಸೇಡಿಗೆ ನಡೆದದ್ದು ಅಂತ ಮನಗಂಡು ಬರೆದಿದ್ದರು. ವಿಚಾರಣೆ ಕೋರ್ಟಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಜಡ್ಜು ಬದಲಾದರು. ಕೊನೆಗೆ 1995ರ ನವೆಂಬರಿನಲ್ಲಿ ಅತ್ಯಾಚಾರದ ಆರೋಪದಿಂದ ಎಲ್ಲರೂ ಖುಲಾಸೆ. ಮೇಲ್ಜಾತಿಯವರು ಕೆಳಜಾತಿ ಹೆಂಗಸನ್ನ ಮುಟ್ಟಿ ಮೈಲಿಗೆ ಆಗ್ತಾರಾ, ಚಿಕ್ಕಪ್ಪನ ಎದುರಿಗೆ ಮಗ ಹೀಗೆ ಮಾಡ್ತಾನಾ, ಗಂಡ ನೋಡ್ತಾ ನಿಂತಿರ್ತಾನಾ, ಈ ಥರದ ಕಾರಣಗಳು. ನಮ್ಮ ಕೇರಿಯ ಯಾವ ಅಜ್ಜಿಯನ್ನಾದರೂ ಕೇಳಿ, ಹಗಲು ಮೈಲಿಗೆ ಯಾರದು, ರಾತ್ರಿ ಯಾರಿಗೆ ಮೈಲಿಗೆ ನೆನಪಿರಲ್ಲ ಅಂತ ಅವರೇ ಹೇಳ್ತಾರೆ. ಅದನ್ನ ತಿಳಿಯೋಕೆ ಕಾನೂನು ಪದವಿ ಬೇಡ.

ಭಂವರಿ ಸುಮ್ಮನೆ ಕೂರಲಿಲ್ಲ. ರಾಜಸ್ಥಾನ, ದೆಹಲಿಯ ಮಹಿಳಾ ಸಂಘಟನೆಗಳು ಕೇಳಿದ ಪ್ರಶ್ನೆಯೂ ಚುರುಕಾಗಿತ್ತು: ಅವಳ ಮೇಲೆ ಇದು ನಡೆದದ್ದು ಅವಳು ಸರ್ಕಾರದ ಕೆಲಸ ಮಾಡಿದ್ದಕ್ಕೆ. ಹಾಗಾದರೆ ಕೆಲಸ ಕೊಟ್ಟವರ ಜವಾಬ್ದಾರಿ ಏನು? ವಕೀಲೆ ನೈನಾ ಕಪೂರ್ ಅಂಥವರು ಇದನ್ನ 'ವಿಶಾಖಾ' ಹೆಸರಿನ ಅರ್ಜಿಯಾಗಿ ಸುಪ್ರೀಂ ಕೋರ್ಟಿಗೆ ತಗೊಂಡು ಹೋದರು. 1997ರ ಆಗಸ್ಟ್ 13ರಂದು ತೀರ್ಪು ಬಂತು. ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಸುಜಾತಾ ಮನೋಹರ್. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಸಮಾನತೆಯ ಹಕ್ಕಿಗೇ ಭಂಗ ಅಂತ ಹೇಳಿ, ಸಂಸತ್ತು ಕಾನೂನು ಮಾಡೋವರೆಗೆ ನಡೆಯಬೇಕಾದ ಮಾರ್ಗಸೂಚಿ ಕೊಟ್ಟರು. ಸಂಸತ್ತು ಹದಿನಾರು ವರ್ಷ ತಗೊಂಡು 2013ರಲ್ಲಿ ಕಾನೂನು ಮಾಡಿತು. ಭಂವರಿಯ ಖುಲಾಸೆ ವಿರುದ್ಧದ ಮೇಲ್ಮನವಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯಿತು, ಆರೋಪಿಗಳಲ್ಲಿ ಕೆಲವರು ಸತ್ತೇಹೋದರು.

ಹಾಗಾದ್ರೆ ಇದೆಲ್ಲಾ ಹಳೇ ಕತೆ, ಈಗ ಕೋರ್ಟುಗಳು ಬದಲಾಗಿವೆ ಅಂತೀರಾ? 2021ರ ಏಪ್ರಿಲಿನ ಪಟಾನ್ ಜಮಾಲ್ ವಲಿ ಕೇಸು ಓದಿ. ಆಂಧ್ರದ ಒಬ್ಬ ಅಂಧ, ಪರಿಶಿಷ್ಟ ಜಾತಿಯ ಯುವತಿ ಮೇಲೆ ನಡೆದ ಅತ್ಯಾಚಾರ. ಜಾತಿ, ಹೆಣ್ತನ, ಅಂಗವೈಕಲ್ಯ ಒಂದರ ಮೇಲೊಂದು ಬಿದ್ದಾಗ ಆಗೋ ತುಳಿತವನ್ನ ಬಿಡಿಬಿಡಿಯಾಗಿ ನೋಡೋಕಾಗಲ್ಲ ಅಂತ ಸುಪ್ರೀಂ ಕೋರ್ಟು ಪುಟಗಟ್ಟಲೆ ಬರೆದಿದೆ. ಓದ್ತಾ ಓದ್ತಾ ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಅತ್ಯಾಚಾರಕ್ಕೆ ಕೊಟ್ಟಿದ್ದ ಜೀವಾವಧಿ ಶಿಕ್ಷೆ ಉಳಿಸಿದರು. ಆದರೆ ದೌರ್ಜನ್ಯ ತಡೆ ಕಾಯ್ದೆಯಡಿ ಆಗಿದ್ದ ಶಿಕ್ಷೆ ರದ್ದಾಯ್ತು. ಅವಳು ಪರಿಶಿಷ್ಟ ಜಾತಿಯವಳು ಅನ್ನೋ ಕಾರಣಕ್ಕೇ ಇದು ನಡೆಯಿತು ಅನ್ನೋದಕ್ಕೆ ಪ್ರಾಸಿಕ್ಯೂಷನ್ ಬೇರೆ ಸಾಕ್ಷ್ಯ ತಂದಿಲ್ಲ ಅಂತ. ಹಳೆ ಕಾಯ್ದೆಯಲ್ಲಿದ್ದ ಆ 'ಕಾರಣಕ್ಕೆ' ಅನ್ನೋ ಪದದ ಮೇಲೆ ನಮ್ಮವರ ಎಷ್ಟು ಕೇಸುಗಳು ಎಡವಿ ಬಿದ್ದಿವೆಯೋ. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಎದುರಿನವರು ಪರಿಶಿಷ್ಟರು ಅಂತ ಗೊತ್ತಿದ್ದರೆ ಸಾಕು ಅಂತ ಬದಲಾಯಿಸಿತು. ಅವಳ ಮೇಲೆ ನಡೆದದ್ದು ಅದಕ್ಕಿಂತ ಮೊದಲು.

ರೆಜಿನಾ ಗುಹಾ ಸೋತಿದ್ದು 'ವ್ಯಕ್ತಿ' ಅನ್ನೋ ಪದದ ಮೇಲೆ. ಮಥುರಾ ಸೋತಿದ್ದು 'ಸಮ್ಮತಿ' ಅನ್ನೋ ಪದದ ಮೇಲೆ. ನಾನು ಗುಮಾಸ್ತೆ, ಪದಗಳ ಈ ಆಟ ನನಗೆ ದಿನಾ ಕಾಣುತ್ತೆ. ಅರ್ಜಿಯ ಒಂದು ಕಾಲಂ ಖಾಲಿ ಬಿಟ್ಟರೆ ಮನುಷ್ಯರೇ ಬಿಟ್ಟುಹೋಗ್ತಾರೆ.

ದೊಡ್ಡಮ್ಮನಿಗೆ ಉತ್ತರ ಹೇಳೋಕೆ ಹೋಗಿ ಇಷ್ಟುದ್ದ ಆಯ್ತು. ಇನ್ನೊಂದು ವಿಷಯ ಹೇಳಿ ನಿಲ್ಲಿಸ್ತೀನಿ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇತ್ತು. ವರ್ಷಾ ವರ್ಷಾ ಸುತ್ತೋಲೆ ಬರೋದು, ಹೋದ ವರ್ಷದ ಪಟ್ಟಿಯಲ್ಲಿ ತಾರೀಖು ಬದಲಾಯಿಸಿ ನಾನೇ ಟೈಪ್ ಮಾಡ್ತಿದ್ದೆ. ಅಧ್ಯಕ್ಷೆ, ಸದಸ್ಯರು, ಹೊರಗಿನ ಒಬ್ಬ ಸದಸ್ಯೆ. ಸದಸ್ಯರ ಫೋನ್ ನಂಬರಿನ ಬೋರ್ಡು ಬೀರು ಹಿಂದೆ ಇತ್ತು. ಒಂದು ದಿನ ಬೀರು ಸರಿಸಿ ಗುಡಿಸ್ತಿದ್ದ ಹೊರಗುತ್ತಿಗೆಯ ಹೆಣ್ಣುಮಗಳು ಆ ಬೋರ್ಡು ನೋಡಿ, "ಅಕ್ಕಾ, ಇದೇನು?" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಪೊರಕೆ ಹಿಡಿದು ನಿಂತಿದ್ದು, "ಇದು ನಿಮ್ಮಂಥ ಪರ್ಮನೆಂಟ್ ಇರೋರಿಗಾ, ನಮಗೂ ಬರುತ್ತಾ?" ಅಂತ ಕೇಳಿದಳು.

ಕಾಯ್ದೆ ತೆಗೆದು 'ಉದ್ಯೋಗಿ' ಅಂದರೆ ಯಾರು ಅನ್ನೋ ವ್ಯಾಖ್ಯೆ ಓದಿ ತೋರಿಸಿದೆ. ದಿನಗೂಲಿ ಇದೆ, ಗುತ್ತಿಗೆ ಇದೆ, ಏಜೆಂಟರ ಮೂಲಕ ಬಂದವರೂ ಇದ್ದಾರೆ. ಬೆರಳಿಟ್ಟು ಎರಡು ಸಲ ಓದಿಸಿಕೊಂಡಳು. ಆಮೇಲೆ ಬೋರ್ಡಿನ ಧೂಳು ಒರೆಸಿ, ನನ್ನನ್ನ ಒಂದು ಮಾತೂ ಕೇಳದೆ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಸಾಹೇಬರು ಬಂದು ಯಾರು ಇದನ್ನ ಇಲ್ಲಿ ಹಾಕಿದ್ದು ಅಂದರು. ನಾನೇ ಸಾರ್ ಅಂದೆ.